ಕಡವಿನ ದೋಣಿಯೂ ಕಡಲ ಗಾಳಿಯಂತ್ರವೂ



ನಮ್ಮ ಸೀಮೆಯು ಹೊಳೆಗಳ ಸೀಮೆ. ಘಟ್ಟದಲ್ಲಿ ಹುಟ್ಟಿ, ಸುಬ್ರಹ್ಮಣ್ಯವನ್ನೂ ಕಡಬದ ಗ್ರಾಮಗಳನ್ನೂ ಬಳಸಿಕೊಂಡು ಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವುದು. ಪಯಸ್ವಿನಿಯು ಸುಳ್ಯದ ಮಗ್ಗುಲಲ್ಲಿ ಹರಿದು, ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಿಂದ ಸಮುದ್ರವನ್ನು ಸೇರುವುದು. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಈ ಹೊಳೆಗಳನ್ನು ದಾಟುವವರಿಗೆ ಕಡವಿನ ದೋಣಿಯೊಂದೇ ಗತಿಯಾಗಿತ್ತು. ೧೯೮೯ರಲ್ಲಿ ಸುಳ್ಯದ ಸಮೀಪದ ಅರಂಬೂರಿನಲ್ಲಿ ಶ್ರೀ ಗಿರೀಶ್ ಭಾರದ್ವಾಜರು ಪಯಸ್ವಿನಿಗೆ ತೂಗುಸೇತುವೆಯನ್ನು ಕಟ್ಟಿದ ಮೇಲೆ, ಅಂಥ ಸೇತುವೆಗಳು ಒಂದೊಂದಾಗಿ ಎದ್ದು, ಎಷ್ಟೋ ಕಡವುಗಳ ದೋಣಿಗಳು ದಡಕ್ಕೆ ಬಿದ್ದವು. ಆದರೂ ಪುಸ್ತಕದ ಚೀಲವನ್ನು ಎದೆಗವಚಿಕೊಂಡು, ಕೆಂಪು ನೀರಿನ ಮೇಲೆ ದೋಣಿಯಲ್ಲಿ ಕುಳಿತು ಶಾಲೆಗೆ ಬಂದ ನೆನಪು ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರಿಗೆ ಇನ್ನೂ ಮಾಸಿರಲಾರದು.

ಆ ದೋಣಿಯ ಅಂಬಿಗನು ನಮಗೆ ಹೇಳದೆ ಕಲಿಸಿದ ಒಂದು ಪಾಠ ಉಂಟು. ಅದೇ ಪಾಠವನ್ನು ಈಗ ದೊಡ್ಡ ದೊಡ್ಡ ಎಂಜಿನಿಯರರು ಉತ್ತರ ಸಮುದ್ರದ ಅಲೆಗಳ ಮೇಲೆ ಉಪಯೋಗಿಸುತ್ತಿರುವರು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

೧. ಅಂಬಿಗನ ಮೂರು ಮಾತುಗಳು

ದೋಣಿ ಹತ್ತಿದವರಿಗೆ ಅಂಬಿಗನು ಮೂರು ಮಾತುಗಳನ್ನು ತಪ್ಪದೆ ಹೇಳುತ್ತಿದ್ದನು. ಮೊದಲನೆಯದು, "ಕುಳಿತುಕೊಳ್ಳಿ, ನಡುವೆ ಯಾರೂ ಏಳಬೇಡಿ." ಎರಡನೆಯದು, "ಎಲ್ಲರೂ ಒಂದೇ ಬದಿಗೆ ಸರಿಯಬೇಡಿ. ಎರಡು ಬದಿಗೂ ಹಂಚಿ ಕೂರಿ." ಮೂರನೆಯದು ದಡ ಮುಟ್ಟಿದ ಮೇಲಣ ಮಾತು: "ಹಗ್ಗ ಬಿಗಿಯುವ ತನಕ ಇಳಿಯಬೇಡಿ." ಬಾಲಕಿಯರಾದ ನಮಗೆ ಇದು ಬರಿಯ ಗದರಿಕೆಯಾಗಿ ತೋರುತ್ತಿತ್ತು. ವಾಸ್ತವವಾಗಿ ಈ ಮೂರು ಮಾತುಗಳಲ್ಲಿ, ತೇಲುವ ಯಾವ ವಸ್ತುವನ್ನಾದರೂ ಮಗುಚದಂತೆ ನಿಲ್ಲಿಸುವ ಮೂರು ಉಪಾಯಗಳು ಅಡಗಿವೆ: ಭಾರವನ್ನು ತಗ್ಗಿನಲ್ಲಿಡುವುದು, ಒಡಲನ್ನು ಅಗಲಿಸುವುದು, ಹಗ್ಗದಿಂದ ಬಿಗಿಯುವುದು.

೨. ತೇಲುವುದು ಬೇರೆ, ನೆಟ್ಟಗೆ ನಿಲ್ಲುವುದು ಬೇರೆ

ನೀರಿನಲ್ಲಿ ಇಳಿಸಿದ ವಸ್ತುವು ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆತ್ತಲ್ಪಡುವುದೆಂಬ ಆರ್ಕಿಮಿಡೀಸನ ನಿಯಮವನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿ ಕಂಠಪಾಠ ಮಾಡಿದವರೇ. ಆದರೆ ಈ ನಿಯಮವು ವಸ್ತು ತೇಲುವುದೋ ಮುಳುಗುವುದೋ ಎಂಬುದನ್ನು ಮಾತ್ರ ತಿಳಿಸುವುದು. ತಲೆ ಮೇಲಾಗಿ ತೇಲುವುದೋ ತಲೆಕೆಳಗಾಗಿ ತೇಲುವುದೋ ಎಂಬುದನ್ನು ತಿಳಿಸುವುದಿಲ್ಲ. ಕೆರೆಯಲ್ಲಿ ಈಜು ಕಲಿಯುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಬಾಳೆದಿಂಡಿನ ಮೇಲೆ ಕುಳಿತರೆ ಅದು ತಟಕ್ಕನೆ ಉರುಳಿ ಸವಾರನನ್ನು ನೀರಿಗೆ ಹಾಕುವುದು. ಅಂಥವೇ ಮೂರು ದಿಂಡುಗಳನ್ನು ಬಿದಿರಿನ ಮೊಳೆ ಚುಚ್ಚಿ ಜೋಡಿಸಿದರೆ, ಇಬ್ಬರು ಕುಳಿತರೂ ಉರುಳದು. ದಿಂಡು ಅದೇ, ನೀರು ಅದೇ. ಬದಲಾದದ್ದು ಆಕಾರ ಮಾತ್ರ.

ಇದರ ಕಾರಣವೇನು? ತೇಲುವ ಪ್ರತಿಯೊಂದು ವಸ್ತುವಿನ ಮೇಲೆ ಎರಡು ಬಲಗಳು ಕೆಲಸ ಮಾಡುವುವು. ವಸ್ತುವಿನ ಭಾರವೆಲ್ಲವೂ ಒಂದು ಬಿಂದುವಿನಿಂದ ಕೆಳಕ್ಕೆ ಎಳೆಯುವಂತೆ ತೋರುವುದು, ಇದು ಭಾರಕೇಂದ್ರ. ನೀರು ಅದನ್ನು ಮೇಲಕ್ಕೆತ್ತುವ ಬಲವು ಮುಳುಗಿದ ಭಾಗದ ನಟ್ಟನಡುವಿನಿಂದ ಏಳುವಂತೆ ತೋರುವುದು; ಇದು ಪ್ಲವನಕೇಂದ್ರ. ದೋಣಿಯು ನೆಟ್ಟಗಿರುವಾಗ ಇವೆರಡೂ ಒಂದೇ ನೇರದಲ್ಲಿರುವುವು. ದೋಣಿಯು ಬಲಕ್ಕೆ ವಾಲಿತೆನ್ನಿರಿ. ಆಗ ಬಲಬದಿಯು ಹೆಚ್ಚು ಮುಳುಗಿ, ಎಡಬದಿಯು ಮೇಲೇಳುವುದು. ಆದುದರಿಂದ ಪ್ಲವನಕೇಂದ್ರವು ಬಲಕ್ಕೆ ಸರಿಯುವುದು. ಅಲ್ಲಿಂದ ನೇರವಾಗಿ ಮೇಲಕ್ಕೆ ಎಳೆದ ಗೆರೆಯು ದೋಣಿಯ ನಡುಗೆರೆಯನ್ನು ಎಲ್ಲಿ ಸಂಧಿಸುವುದೋ ಆ ಬಿಂದುವನ್ನು ನಾವಿಕ ಶಾಸ್ತ್ರಜ್ಞರು ಮೆಟಾಸೆಂಟರ್ ಎನ್ನುವರು. ಫ್ರೆಂಚ್ ಪಂಡಿತನಾದ ಪಿಯೆರ್ ಬೂಗೇರ್ ೧೭೪೬ರಲ್ಲಿ ಪ್ರಕಟಿಸಿದ ಹಡಗಿನ ಶಾಸ್ತ್ರಗ್ರಂಥದಲ್ಲಿ ಇದನ್ನು ವಿವರಿಸಿದನು. ನಾವು ಈ ಪಾಠದ ಮಟ್ಟಿಗೆ ಇದನ್ನು 'ತೂಗುಬಿಂದು' ಎಂದು ಕರೆಯೋಣ. ಯಾಕೆಂದರೆ, ದೋಣಿಯು ಆ ಬಿಂದುವಿನಿಂದ ತೂಗುಹಾಕಲ್ಪಟ್ಟಿದೆಯೋ ಎಂಬಂತೆ ವರ್ತಿಸುವುದು.

ಸರಪಣಿಯ ತೂಗುದೀಪವನ್ನು ನೆನೆಯಿರಿ. ದೀಪದ ಭಾರವು ಕೊಕ್ಕೆಗಿಂತ ಕೆಳಗಿರುವ ತನಕ, ಅದನ್ನು ಎಷ್ಟು ತಳ್ಳಿದರೂ ಹಿಂದಕ್ಕೆ ಬಂದು ನೇರ ನಿಲ್ಲುವುದು. ಭಾರವು ಕೊಕ್ಕೆಗಿಂತ ಮೇಲೇರಿತೋ, ಕೋಲಿನ ತುದಿಯಲ್ಲಿ ನಿಲ್ಲಿಸಿದ ತೆಂಗಿನಕಾಯಿಯಂತೆ ಅದು ಬೀಳುವುದೇ ಸರಿ. ಹಾಗೆಯೇ ಭಾರಕೇಂದ್ರವು ತೂಗುಬಿಂದುವಿಗಿಂತ ಕೆಳಗಿದ್ದರೆ ದೋಣಿಯು ಕ್ಷೇಮ, ಮೇಲಿದ್ದರೆ ಅಪಾಯ. ಇಡೀ ಶಾಸ್ತ್ರದ ಸಾರವು ಇಷ್ಟೇ.

೩. ಎದ್ದು ನಿಂತರೆ ಏನಾಗುವುದು?

ಅಂಬಿಗನ ಮೊದಲನೆಯ ಮಾತನ್ನು ಒಂದು ಲೆಕ್ಕದಿಂದ ಪರೀಕ್ಷಿಸೋಣ. ಸುಲಭಕ್ಕಾಗಿ ದೋಣಿಯು ಪೆಟ್ಟಿಗೆಯಾಕಾರದ್ದೆಂದು ಭಾವಿಸಿರಿ. ಉದ್ದ ೬ ಮೀಟರು, ಅಗಲ ೧.೨ ಮೀಟರು, ದೋಣಿಯ ತೂಕ ೯೦೦ ಕಿಲೋಗ್ರಾಮು. ಅದರಲ್ಲಿ ೬೦ ಕಿಲೋಗ್ರಾಮು ತೂಕದ ೨೧ ಮಂದಿ ಕುಳಿತರೆ ಒಟ್ಟು ತೂಕ ೨,೧೬೦ ಕಿಲೋಗ್ರಾಮು ಆಗಿ, ದೋಣಿಯು ೩೦ ಸೆಂಟಿಮೀಟರು ಮುಳುಗುವುದು. ಪ್ಲವನಕೇಂದ್ರವು ತಳದಿಂದ ೧೫ ಸೆಂಟಿಮೀಟರು ಎತ್ತರದಲ್ಲಿರುವುದು.

ಪೆಟ್ಟಿಗೆಯ ದೋಣಿಯಲ್ಲಿ ತೂಗುಬಿಂದುವನ್ನು ಕಾಣುವ ಬಗೆ ಸುಲಭ. ಅಗಲವನ್ನು ಅಗಲದಿಂದಲೇ ಗುಣಿಸಿ, ಬಂದುದನ್ನು ಮುಳುಗಿದ ಆಳದ ಹನ್ನೆರಡರಷ್ಟರಿಂದ ಭಾಗಿಸಬೇಕು. ಇಲ್ಲಿ ೧.೪೪ನ್ನು ೩.೬ರಿಂದ ಭಾಗಿಸಿದರೆ ೦.೪೦ ಮೀಟರು, ಅಂದರೆ ೪೦ ಸೆಂಟಿಮೀಟರು. ತೂಗುಬಿಂದುವು ಪ್ಲವನಕೇಂದ್ರದಿಂದ ಇಷ್ಟು ಮೇಲೆ, ತಳದಿಂದ ೫೫ ಸೆಂಟಿಮೀಟರು ಎತ್ತರದಲ್ಲಿ ಇರುವುದು.

ಇನ್ನು ಭಾರಕೇಂದ್ರ. ದೋಣಿಯ ಭಾರವು ತಳದಿಂದ ೩೦ ಸೆಂಟಿಮೀಟರು ಎತ್ತರದಲ್ಲಿಯೂ, ಕುಳಿತವರ ಭಾರವು ೫೫ ಸೆಂಟಿಮೀಟರು ಎತ್ತರದಲ್ಲಿಯೂ ಇದ್ದರೆ, ಎಲ್ಲವೂ ಕೂಡಿ ಭಾರಕೇಂದ್ರವು ಸುಮಾರು ೪೫ ಸೆಂಟಿಮೀಟರಿಗೆ ಬರುವುದು. ತೂಗುಬಿಂದುವಿಗಿಂತ ೧೦ ಸೆಂಟಿಮೀಟರು ಕೆಳಗೆ. ಒಂದು ಗೇಣಿಗೂ ಕಡಿಮೆ. ಆದರೂ ಕ್ಷೇಮವೇ. ಈಗ ದೂರದಲ್ಲಿ ಏನನ್ನೋ ಕಂಡು ಎಲ್ಲರೂ ಥಟ್ಟನೆ ಎದ್ದು ನಿಂತರೆನ್ನಿರಿ. ನಿಂತ ಮನುಷ್ಯನ ಭಾರವು ತಳದಿಂದ ಸುಮಾರು ೧ ಮೀಟರು ಎತ್ತರದಲ್ಲಿರುವುದು. ಕೂಡಲೆ ಒಟ್ಟು ಭಾರಕೇಂದ್ರವು ೭೧ ಸೆಂಟಿಮೀಟರಿಗೆ ಏರಿ, ತೂಗುಬಿಂದುವನ್ನು ಮೀರಿ ೧೬ ಸೆಂಟಿಮೀಟರು ಮೇಲೆ ಹೋಗುವುದು. ಬಳಿಕ ಆ ದೋಣಿಯನ್ನು ಉರುಳಿಸುವುದಕ್ಕೆ ಅಲೆಯೇ ಬೇಕೆಂದಿಲ್ಲ; ಒಬ್ಬರು ಕೊರಳು ಚಾಚಿದರೆ ಸಾಕು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವೆಂದು ಯಾರೂ ತಿಳಿಯಬಾರದು. ೧೬೨೮ನೆಯ ಇಸವಿಯಲ್ಲಿ ಸ್ವೀಡನ್ ದೇಶದ ಅರಸನು ವಾಸಾ ಎಂಬ ಯುದ್ಧದ ಹಡಗನ್ನು ಕಟ್ಟಿಸಿದನು. ಹೊರಡುವ ಮುನ್ನ ಮೂವತ್ತು ಮಂದಿ ನಾವಿಕರನ್ನು ಅದರ ಅಟ್ಟದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷಿಸಿದಾಗ, ಹಡಗು ಎಷ್ಟು ತೂಗಾಡಿತೆಂದರೆ, ಪರೀಕ್ಷೆಯನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. ಆದರೂ ಹಡಗನ್ನು ಹೊರಡಿಸಿದರು. ಆಗಸ್ಟ್ ೧೦ರಂದು ಅದು ಸ್ಟಾಕ್‌ಹೋಮ್ ಬಂದರಿನಲ್ಲಿ ಸುಮಾರು ೧,೩೦೦ ಮೀಟರು ಸಾಗುವಷ್ಟರಲ್ಲಿ, ಬೀಸಿದ ಗಾಳಿಗೆ ವಾಲಿ ಮುಳುಗಿತು. ಮೇಲಿನ ಭಾರ ಹೆಚ್ಚು, ಅದನ್ನು ತಾಳುವ ಅಗಲ ಕಡಿಮೆ. ಅದರ ದೋಷವು ಇದೇ. ದೂರದ ಮಾತೇಕೆ? ೨೦೧೯ರ ಜನವರಿ ೨೧ರಂದು ಕಾರವಾರದ ಹತ್ತಿರ, ಕೂರ್ಮಗಡದ ಜಾತ್ರೆಯಿಂದ ಜನರನ್ನು ಹೊತ್ತು ಮರಳುತ್ತಿದ್ದ ದೋಣಿಯೊಂದು ಕಡಲಿನಲ್ಲಿ ಮಗುಚಿ ಹದಿನಾರು ಮಂದಿ ತೀರಿಕೊಂಡರು. ಸ್ಥಿರತೆಯ ಪಾಠವು ಪ್ರಾಣದ ಪಾಠ.

೪. ಜೋಡುದೋಣಿಯ ಬಲ

ಎರಡನೆಯ ಮಾತು ಅಗಲಕ್ಕೆ ಸಂಬಂಧಪಟ್ಟದ್ದು. ಸೇತುವೆಯಿಲ್ಲದ ದೊಡ್ಡ ಹೊಳೆಗಳಲ್ಲಿ ಮೋಟಾರುಗಳನ್ನು ದಾಟಿಸುವುದಕ್ಕೆ ಎರಡು ದೋಣಿಗಳನ್ನು ದೂರ ದೂರ ನಿಲ್ಲಿಸಿ, ಅಡ್ಡಮರಗಳಿಂದ ಬಂಧಿಸಿ, ಮೇಲೆ ಹಲಗೆ ಹಾಸುತ್ತಿದ್ದುದನ್ನು ಹಿರಿಯರು ಕಂಡಿರುವರು. ಒಂಟಿ ದೋಣಿಯು ಹೊರಲಾರದ ಬಸ್ಸನ್ನು ಈ ಜೋಡುದೋಣಿಯು ತುಳುಕದೆ ಹೊತ್ತುಕೊಂಡು ಹೋಗುವುದು ಹೇಗೆ?

ಮೇಲೆ ಹೇಳಿದಂಥ ಎರಡು ದೋಣಿಗಳ ನಡುಗೆರೆಗಳನ್ನು ೩ ಮೀಟರು ದೂರವಿಟ್ಟು ಬಂಧಿಸಿದರೆ, ತೂಗುಬಿಂದುವು ಪ್ಲವನಕೇಂದ್ರಕ್ಕಿಂತ ೪೦ ಸೆಂಟಿಮೀಟರು ಮೇಲಿದ್ದುದು, ಸುಮಾರು ೭.೯ ಮೀಟರು ಮೇಲಕ್ಕೆ ಏರುವುದು. ದೋಣಿಗಳು ಎರಡೇ ಪಾಲು ಹೆಚ್ಚಿದವು. ತೂಗುಬಿಂದುವಿನ ಎತ್ತರವು ಸುಮಾರು ಇಪ್ಪತ್ತು ಪಾಲು ಹೆಚ್ಚಿತು. ನೀರಿನ ಮಟ್ಟದಲ್ಲಿ ಮರವು ಎಷ್ಟಿದೆಯೆಂಬುದಕ್ಕಿಂತ, ಅದು ನಡುವಿನಿಂದ ಎಷ್ಟು ದೂರದಲ್ಲಿದೆಯೆಂಬುದೇ ಹೆಚ್ಚು ಮುಖ್ಯ. ಆ ದೂರವು ಇಮ್ಮಡಿಯಾದರೆ ಅದರ ಫಲವು ನಾಲ್ಮಡಿಯಾಗುವುದು. ಕಾಲುಗಳನ್ನು ಅಗಲಿಸಿ ನಿಂತವನನ್ನು ಬೀಳಿಸುವುದು ಕಷ್ಟವಲ್ಲವೇ? ಇದೂ ಹಾಗೆಯೇ.

೫. ಸಮುದ್ರದ ಮೇಲೆ ಗೋಪುರ

ಚಿತ್ರದುರ್ಗದ ಗುಡ್ಡಗಳ ಮೇಲೆಯೂ ಗದಗದ ಬಯಲಿನಲ್ಲಿಯೂ ತಿರುಗುವ ಬಿಳಿಯ ಗಾಳಿಯಂತ್ರಗಳನ್ನು ರೈಲಿನಿಂದಲೋ ಬಸ್ಸಿನಿಂದಲೋ ನೀವು ನೋಡಿರಬಹುದು. ಗಾಳಿಯು ನೆಲದ ಮೇಲಿಗಿಂತ ಸಮುದ್ರದ ಮೇಲೆ ಹೆಚ್ಚು ಬಲವಾಗಿಯೂ ಒಂದೇ ಸಮನಾಗಿಯೂ ಬೀಸುವುದರಿಂದ, ಯುರೋಪಿನವರು ಯಂತ್ರಗಳನ್ನು ಕಡಲಿನಲ್ಲಿ ನಿಲ್ಲಿಸತೊಡಗಿದರು. ನೀರಿನ ಆಳವು ಐವತ್ತು ಅರುವತ್ತು ಮೀಟರಿನೊಳಗಿದ್ದರೆ ಕಂಬವನ್ನು ಕಡಲತಳದಲ್ಲಿಯೇ ಊರಬಹುದು. ಅದಕ್ಕೂ ಆಳವಾದ ಕಡೆ ಊರುವ ವೆಚ್ಚವು ಮಿತಿಮೀರುವುದರಿಂದ, ಯಂತ್ರವನ್ನು ತೇಲುವ ಒಡಲಿನ ಮೇಲೆ ನಿಲ್ಲಿಸುವ ಯೋಚನೆಯು ಹುಟ್ಟಿತು.

ಆದರೆ ಇದೇನು ಸಾಮಾನ್ಯವಾದ ಹೊರೆಯೇ? ಅಮೆರಿಕದ ಒಂದು ಸರಕಾರೀ ಪ್ರಯೋಗಶಾಲೆಯವರು ೨೦೦೯ರಲ್ಲಿ ಪ್ರಕಟಿಸಿದ, ೫ ಮೆಗಾವಾಟಿನ ಒಂದು ಮಾದರಿ ಯಂತ್ರವನ್ನು ಜಗತ್ತಿನ ಅನೇಕ ಸಂಶೋಧಕರು ಲೆಕ್ಕಕ್ಕೆ ಆಧಾರವಾಗಿ ಹಿಡಿಯುವರು. ಅದರ ಚಕ್ರದ ವ್ಯಾಸ ೧೨೬ ಮೀಟರು. ಚಕ್ರದ ಗುಂಬವು ನೀರಿನಿಂದ ೯೦ ಮೀಟರು ಮೇಲೆ. ಚಕ್ರ ಮತ್ತು ಅದರ ಹಿಂದಿನ ಯಂತ್ರಗೂಡು ಕೂಡಿ ೩೫೦ ಟನ್ ತೂಕ. ತಕ್ಕ ಗಾಳಿ ಬೀಸುವಾಗ ಆ ಚಕ್ರವನ್ನು ಹಿಂದಕ್ಕೆ ತಳ್ಳುವ ಬಲವು ಸುಮಾರು ೮೦ ಟನ್ ಭಾರಕ್ಕೆ ಸಮ. ದೋಣಿಯಲ್ಲಿ ಎದ್ದು ನಿಂತವರಿಂದಲೇ ಅಪಾಯವೆಂದೆವು. ಇಲ್ಲಿಯೋ, ೯೦ ಮೀಟರು ಎತ್ತರದ ಭೀಮನು ಎದ್ದು ನಿಂತಿರುವುದಲ್ಲದೆ, ಅವನ ಎದೆಯನ್ನು ಗಾಳಿಯು ಎಡೆಬಿಡದೆ ನೂಕುತ್ತಲೂ ಇದೆ. ಇವನನ್ನು ಬೀಳದಂತೆ ಹಿಡಿಯತಕ್ಕ ಒಡಲಿನ ಆಕಾರವು ಹೇಗಿರಬೇಕು? ಎಂಜಿನಿಯರರ ಉತ್ತರಗಳೂ ಅಂಬಿಗನ ಮೂರು ಮಾತುಗಳೇ ಆಗಿರುವುವು.

೬. ನಾಲ್ಕು ಬಗೆಯ ಒಡಲುಗಳು

ಒನಕೆಯ ಒಡಲು. ಇದು 'ತಗ್ಗಿನಲ್ಲಿ ಕುಳಿತುಕೊಳ್ಳಿ' ಎಂಬ ಮಾತಿನ ರೂಪ. ಒನಕೆಯಂತೆ ಉದ್ದವಾದ ಪೊಳ್ಳು ಕಂಬದ ತಳದಲ್ಲಿ ಬಹಳ ಭಾರವನ್ನು ತುಂಬಿ ನೀರಿನಲ್ಲಿ ನೆಟ್ಟಗೆ ನಿಲ್ಲಿಸುವರು. ಮೇಲೆ ಹೇಳಿದ ಮಾದರಿ ಯಂತ್ರಕ್ಕಾಗಿ ಯೋಜಿಸಿದ ಇಂಥ ಒಡಲು ೧೨೦ ಮೀಟರು ಆಳಕ್ಕೆ ಇಳಿಯುವುದು. ನೀರಿನ ಮಟ್ಟದಲ್ಲಿ ಅದರ ವ್ಯಾಸ ೬.೫ ಮೀಟರು ಮಾತ್ರ. ಅಗಲದಿಂದ ದೊರೆಯುವ ಸಹಾಯವನ್ನು ಲೆಕ್ಕ ಹಾಕಿದರೆ, ತೂಗುಬಿಂದುವು ಪ್ಲವನಕೇಂದ್ರಕ್ಕಿಂತ ಒಂದು ಸೆಂಟಿಮೀಟರಿನಷ್ಟು ಮಾತ್ರ ಮೇಲಿರುವುದು! ಆದರೂ ಅದು ಬೀಳುವುದಿಲ್ಲ. ಯಾಕೆಂದರೆ ಅದರ ಭಾರಕೇಂದ್ರವು ಪ್ಲವನಕೇಂದ್ರಕ್ಕಿಂತ ಸುಮಾರು ೧೬ ಮೀಟರು ಕೆಳಗಿದೆ. ಎಷ್ಟು ತಳ್ಳಿದರೂ ಎದ್ದು ಕೂರುವ ತಂಜಾವೂರಿನ ಬೊಂಬೆಯಂತೆ ಅದು ಭಾರದಿಂದಲೇ ನಿಲ್ಲುವುದು. ನಾರ್ವೆ ದೇಶದವರು ೨೦೦೯ರಲ್ಲಿ ಇಂಥ ಒಂದು ಯಂತ್ರವನ್ನು ಪರೀಕ್ಷೆಗಾಗಿ ತೇಲಿಸಿ, ೨೦೧೭ರಲ್ಲಿ ಸ್ಕಾಟ್‌ಲೆಂಡಿನ ಪೀಟರ್‌ಹೆಡ್ ಊರಿನಿಂದ ಸುಮಾರು ೨೫ ಕಿಲೋಮೀಟರು ದೂರದ ಕಡಲಿನಲ್ಲಿ ಐದು ಯಂತ್ರಗಳನ್ನು ನಿಲ್ಲಿಸಿದರು. ಹೈವಿಂಡ್ ಸ್ಕಾಟ್‌ಲೆಂಡ್ ಎಂಬ ಇದೇ ಜಗತ್ತಿನ ಮೊತ್ತಮೊದಲನೆಯ ತೇಲುವ ಗಾಳಿಯಂತ್ರ ಸಮೂಹ. ಒಂದೊಂದು ಯಂತ್ರವೂ ಬುಡದಿಂದ ತುದಿಯ ತನಕ ೨೫೩ ಮೀಟರು. ಅದರಲ್ಲಿ ೭೮ ಮೀಟರು ನೀರಿನೊಳಗೆ.

ತೆಪ್ಪದ ಒಡಲು. ಇದು ಅಗಲವನ್ನೇ ನಂಬಿದ ಒಡಲು. ಹಂಪೆಯ ಬಳಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲಿನ ಸೋದರಿ. ಅದೇ ಮಾದರಿ ಯಂತ್ರಕ್ಕೆ ಯೋಜಿಸಿದ ತೆಪ್ಪವೊಂದು ೪೦ ಮೀಟರು ಚಚ್ಚೌಕವಾಗಿದ್ದು, ನೀರಿನಲ್ಲಿ ೪ ಮೀಟರು ಮಾತ್ರ ಮುಳುಗುವುದು. ಇದರ ತೂಗುಬಿಂದುವು ಪ್ಲವನಕೇಂದ್ರಕ್ಕಿಂತ ೩೫ ಮೀಟರು ಮೇಲೆ. ೨೦೧೮ರಲ್ಲಿ ಫ್ರಾನ್ಸಿನ ಕರಾವಳಿಯ ಆಚೆ, ೩೬ ಮೀಟರು ಚಚ್ಚೌಕದ ಕಾಂಕ್ರೀಟಿನ ತೆಪ್ಪದ ಮೇಲೆ ೨ ಮೆಗಾವಾಟಿನ ಯಂತ್ರವನ್ನು ನಿಲ್ಲಿಸಿದರು.

ಕಂಬಗಳ ಒಡಲು. ಇದು ನಮ್ಮ ಜೋಡುದೋಣಿಯ ವಂಶದ್ದು. ಮೂರು ದಪ್ಪ ಕಂಬಗಳನ್ನು ತ್ರಿಕೋಣದ ಮೂಲೆಗಳಲ್ಲಿಟ್ಟು, ಉಕ್ಕಿನ ಅಡ್ಡಪಟ್ಟಿಗಳಿಂದ ಬಂಧಿಸುವರು. ಮಾದರಿಯ ಒಡಲಿನಲ್ಲಿ ಕಂಬಗಳು ಒಂದಕ್ಕೊಂದು ೫೦ ಮೀಟರು ದೂರವಿದ್ದು, ೨೦ ಮೀಟರು ಆಳಕ್ಕೆ ಮುಳುಗುವುವು. ತೂಗುಬಿಂದುವು ಪ್ಲವನಕೇಂದ್ರಕ್ಕಿಂತ ಸುಮಾರು ೧೦ ಮೀಟರು ಮೇಲೆ. ೨೦೨೦ರಲ್ಲಿ ಪೋರ್ತುಗಲ್ ದೇಶದ ವಿಯಾನಾ ದೋ ಕಾಸ್ತೇಲು ಊರಿನ ಆಚೆಯ ಕಡಲಿನಲ್ಲಿ ೮.೪ ಮೆಗಾವಾಟಿನ ಮೂರು ಯಂತ್ರಗಳು ಇಂಥ ಒಡಲುಗಳ ಮೇಲೆ ಕೆಲಸಕ್ಕೆ ತೊಡಗಿದವು. ಇವುಗಳಲ್ಲಿ ಯಂತ್ರವು ಒಂದು ಮೂಲೆಯ ಕಂಬದ ಮೇಲೆ ನಿಂತಿರುವುದರಿಂದಲೂ, ಗಾಳಿಯು ದಿಕ್ಕು ಬದಲಾಯಿಸುವುದರಿಂದಲೂ, ಒಂದು ಕಂಬದಿಂದ ಇನ್ನೊಂದಕ್ಕೆ ನೀರನ್ನು ಪಂಪಿನಿಂದ ಸಾಗಿಸಿ ಸಮತೂಕ ಮಾಡುವರು. "ನೀವಿಬ್ಬರು ಆ ಬದಿಗೆ ಹೋಗಿ" ಎಂದು ಅಂಬಿಗನು ಜನರನ್ನು ಹಂಚಿ ಕೂರಿಸುತ್ತಿದ್ದುದೂ ಇದೇ ಕೆಲಸವಲ್ಲವೇ?

ಕಟ್ಟುಹಗ್ಗದ ಒಡಲು. ಇದು ಮೂರನೆಯ ಮಾತಿನ ರೂಪ. ಬಾಯಿ ಮುಚ್ಚಿದ ಬರಿಯ ಕೊಡವನ್ನು ಬಾವಿಯ ನೀರಿನಲ್ಲಿ ಅದುಮಿ ಹಿಡಿದರೆ, ಅದು ಮೇಲೇಳುವುದಕ್ಕೆ ಹೆಣಗಾಡುವುದು. ಹಾಗೆಯೇ ಇಲ್ಲಿ ಒಡಲನ್ನು ಅದು ಸಹಜವಾಗಿ ತೇಲುವುದಕ್ಕಿಂತ ಹೆಚ್ಚು ಆಳಕ್ಕೆ ಎಳೆದು, ಬಿಗಿಯಾದ ಉಕ್ಕಿನ ಹಗ್ಗಗಳಿಂದಲೋ ಅಂಥ ಬೇರೆ ಕಟ್ಟುಗಳಿಂದಲೋ ಕಡಲತಳಕ್ಕೆ ಬಂಧಿಸುವರು. ಮೇಲಕ್ಕೆ ನೆಗೆಯುವ ಒಡಲಿಗೂ ಬಿಡದ ಹಗ್ಗಕ್ಕೂ ನಡೆಯುವ ಈ ಜಗ್ಗಾಟದಿಂದಲೇ ಗೋಪುರವು ನೆಟ್ಟಗೆ ನಿಲ್ಲುವುದು. ೨೦೨೩ರಲ್ಲಿ ಫ್ರಾನ್ಸಿನ ತೆಂಕಣ ಕಡಲಿನಲ್ಲಿ ಇಂಥ ಮೂರು ಯಂತ್ರಗಳನ್ನು ನಿಲ್ಲಿಸಲಾಯಿತು.

೭. ಗಟ್ಟಿಯಾಗಿರುವುದೂ ಶಾಂತವಾಗಿರುವುದೂ ಒಂದಲ್ಲ

ಇಷ್ಟು ಓದಿದವರು, ತೂಗುಬಿಂದುವು ಎಲ್ಲಕ್ಕಿಂತ ಎತ್ತರದಲ್ಲಿರುವ ತೆಪ್ಪವೇ ಉತ್ತಮವೆಂದು ತೀರ್ಮಾನಿಸಬಹುದು. ಆದರೆ ಈ ಪಾಠದಲ್ಲಿ ನಾವು ಮುಖ್ಯವಾಗಿ ತಿಳಿಯತಕ್ಕ ವಿಷಯವು ಇಲ್ಲಿಯೇ ಇರುವುದು. ಮಗುಚದಿರುವುದು ಒಂದು ಗುಣ. ಅಲುಗದಿರುವುದು ಇನ್ನೊಂದು ಗುಣ. ಇವೆರಡೂ ಒಂದೇ ಒಡಲಿನಲ್ಲಿ ಸುಲಭವಾಗಿ ಕೂಡಿ ಬರುವುದಿಲ್ಲ.

ತಿಳಿಯಾದ ಕೆರೆಯಲ್ಲಿ ಒಂದು ಹರಿವಾಣವನ್ನು ತೇಲಿಸಿ, ಅದರ ಬಳಿಯಲ್ಲಿಯೇ ತಳಕ್ಕೆ ಮರಳು ತುಂಬಿ ಬಾಯಿ ಮುಚ್ಚಿದ ಉದ್ದನೆಯ ಸೀಸೆಯನ್ನು ತೇಲಿಸಿರಿ. ಕೈಯಿಂದ ಅಲೆ ಎಬ್ಬಿಸಿರಿ. ಹರಿವಾಣವು ಮಗುಚದು, ಆದರೆ ಪ್ರತಿಯೊಂದು ಅಲೆಯ ಏರಿಳಿತವನ್ನೂ ಅನುಸರಿಸಿ ವಾಲುತ್ತಲೇ ಇರುವುದು. ಸೀಸೆಯಾದರೋ, ಅಲೆಗಳು ತನ್ನ ಕುತ್ತಿಗೆಯನ್ನು ಸವರಿ ಹೋದರೂ ಹೆಚ್ಚು ಗಮನಿಸದೆ ನಿಂತಿರುವುದು. ನೀರಿನ ಮಟ್ಟದಲ್ಲಿ ಅಗಲ ಹೆಚ್ಚಿದಷ್ಟೂ ಅಲೆಗೆ ಹಿಡಿಯುವುದಕ್ಕೆ ಹಿಡಿ ಹೆಚ್ಚು. ನಮ್ಮನ್ನು ನೇರ ನಿಲ್ಲಿಸುವ ಅಗಲವೇ ನಮ್ಮನ್ನು ಅಲೆಯ ಕೈಗೆ ಒಪ್ಪಿಸುವುದು.

ಇದಕ್ಕೆ ಕಾಲದ ಲೆಕ್ಕವೂ ಸೇರಿದೆ. ಉಯ್ಯಾಲೆಗೆ ತನ್ನದೇ ಆದ ಒಂದು ತಾಳ ಉಂಟು. ಆ ತಾಳಕ್ಕೆ ಸರಿಯಾಗಿ ಪುಟ್ಟ ಮಗುವು ತಳ್ಳಿದರೂ ಉಯ್ಯಾಲೆಯು ಬಾನಿಗೇರುವುದು. ತಾಳ ತಪ್ಪಿ ತಳ್ಳಿದರೆ ದೊಡ್ಡವರಿಂದಲೂ ಆಗದು. ಕಡಲಿನ ದೊಡ್ಡ ಅಲೆಗಳು ಸಾಮಾನ್ಯವಾಗಿ ೫ರಿಂದ ೨೦ ಸೆಕೆಂಡಿಗೆ ಒಂದರಂತೆ ಬರುವುವು. ಮಾದರಿಯ ತೆಪ್ಪವು ಒಮ್ಮೆ ಮುಂದಕ್ಕೆ ವಾಲಿ ಹಿಂದಕ್ಕೆ ಬರುವುದಕ್ಕೆ ಹಿಡಿಯುವ ಕಾಲವು ಸುಮಾರು ೧೨ ಸೆಕೆಂಡು. ಅಂದರೆ ಅಲೆಗಳ ತಾಳದ ನಟ್ಟನಡುವೆ. ಕಂಬಗಳ ಒಡಲಿಗೆ ಸುಮಾರು ೨೬ ಸೆಕೆಂಡು, ಒನಕೆಯ ಒಡಲಿಗೆ ಸುಮಾರು ೩೦ ಸೆಕೆಂಡು. ಇವೆರಡೂ ಅಲೆಗಳಿಗಿಂತ ನಿಧಾನ. ಕಟ್ಟುಹಗ್ಗದ ಒಡಲು ಕೆಲವೇ ಸೆಕೆಂಡುಗಳಲ್ಲಿ ಕಂಪಿಸುವುದು. ಅದು ಅಲೆಗಳಿಗಿಂತ ಬೇಗ. ಹೀಗೆ ಮೂರು ಒಡಲುಗಳು ಅಲೆಯ ತಾಳದಿಂದ ತಪ್ಪಿಸಿಕೊಂಡರೆ, ತೆಪ್ಪವೊಂದು ಮಾತ್ರ ಸಿಕ್ಕಿಬೀಳುವುದು. ಆದುದರಿಂದಲೇ ಫ್ರಾನ್ಸಿನವರು ತಮ್ಮ ತೆಪ್ಪದ ನಡುವೆ ಅಂಗಳದಂಥ ತೆರಪನ್ನು ಬಿಟ್ಟು, ಅದರೊಳಗಿನ ನೀರಿನ ತುಳುಕಾಟವು ತೆಪ್ಪದ ತುಳುಕಾಟಕ್ಕೆ ಎದುರಾಗುವಂತೆ ಮಾಡಿದರು. ಕಂಬಗಳ ಒಡಲಿನವರೂ ಕಂಬದ ಬುಡಕ್ಕೆ ಅಗಲವಾದ ತಟ್ಟೆಗಳನ್ನು ಕಟ್ಟುವರು. ಗೆರಸೆಯನ್ನು ನೀರಿನೊಳಗೆ ಅಡ್ಡವಾಗಿ ಮೇಲೆ ಕೆಳಗೆ ಎಳೆದು ನೋಡಿದವರಿಗೆ ಆ ತಟ್ಟೆಯ ಉಪಯೋಗವನ್ನು ಹೇಳಬೇಕಾದ್ದಿಲ್ಲ.

ಹಾಗಾದರೆ ಒನಕೆಯೇ ಶ್ರೇಷ್ಠವೇ? ಅದಕ್ಕೂ ಬೆಲೆ ಉಂಟು. ನವಮಂಗಳೂರು ಬಂದರಿಗೆ ಹಡಗು ಬರುವ ಕಾಲುವೆಯ ಆಳವು ಸುಮಾರು ೧೫ ಮೀಟರು. ಅಲ್ಲಿ ೭೮ ಮೀಟರಿನ ಒನಕೆಯನ್ನು ನೆಟ್ಟಗೆ ನಿಲ್ಲಿಸುವುದೆಲ್ಲಿ? ಹೈವಿಂಡಿನ ಯಂತ್ರಗಳನ್ನು ನಾರ್ವೆಯ ಆಳವಾದ ಕಡಲಕೊಲ್ಲಿಯಲ್ಲಿ ಜೋಡಿಸಿ ಸ್ಕಾಟ್‌ಲೆಂಡಿಗೆ ಎಳೆದು ತಂದರು. ೨೦೨೪ರಲ್ಲಿ ದೊಡ್ಡ ದುರಸ್ತಿಗಾಗಿ ಪುನಃ ನಾರ್ವೆಗೇ ಎಳೆದುಕೊಂಡು ಹೋಗಬೇಕಾಯಿತು. ಕಂಬಗಳ ಒಡಲಿಗೆ ಇಷ್ಟು ಆಳ ಬೇಡ. ಆದರೆ ಉಕ್ಕು ಹೆಚ್ಚು, ಬೆಸುಗೆ ಹೆಚ್ಚು. ಕಟ್ಟುಹಗ್ಗದ ಒಡಲು ಹಗುರ. ಆದರೆ ಅದರ ಜೀವವೆಲ್ಲ ಹಗ್ಗದಲ್ಲಿಯೇ. ಯಾವ ಆಕಾರವೂ ಬಿಟ್ಟಿಯಾಗಿ ಸ್ಥಿರತೆಯನ್ನು ಕೊಡುವುದಿಲ್ಲ.

೮. ಒಂದು ಕಂಬವು ಕಳಚಿದಾಗ

ಬೆಸುಗೆಯ ಮಾತು ಬಂದುದರಿಂದ ಒಂದು ದುರಂತವನ್ನು ಹೇಳಲೇಬೇಕು. ಉತ್ತರ ಸಮುದ್ರದಲ್ಲಿ ಎಣ್ಣೆ ತೆಗೆಯುವವರ ವಸತಿಯಾಗಿದ್ದ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ತೇಲುವ ಕಟ್ಟೆಯು ಐದು ಕಂಬಗಳ ಮೇಲೆ ನಿಂತಿತ್ತು. ೧೯೮೦ರ ಮಾರ್ಚ್ ೨೭ರಂದು ಬಿರುಗಾಳಿಯಲ್ಲಿ ಅದರ ಒಂದು 'ಅಡ್ಡಪಟ್ಟಿ' ಮುರಿಯಿತು. ಒಂದು ಸಣ್ಣ ಉಪಕರಣವನ್ನು ಕೂರಿಸುವುದಕ್ಕಾಗಿ ಆ ಪಟ್ಟಿಗೆ ಹಾಕಿದ್ದ ೬ ಮಿಲಿಮೀಟರಿನ ಬೆಸುಗೆಯಲ್ಲಿ ಹುಟ್ಟಿದ ಬಿರುಕು, ಅಲೆಗಳ ಪೆಟ್ಟಿನಿಂದ ದಿನದಿನವೂ ಬೆಳೆಯುತ್ತಾ ಬಂದಿತ್ತು. ಒಂದು ಪಟ್ಟಿಯ ಹಿಂದೆ ಉಳಿದವೂ ಮುರಿದು, ಒಂದು ಕಂಬವೇ ಕಳಚಿಹೋಯಿತು. ಆ ಕ್ಷಣದಲ್ಲಿ ಅಗಲವು ಹೋಯಿತು. ಅಗಲದೊಂದಿಗೆ ತೂಗುಬಿಂದುವಿನ ಎತ್ತರವೂ ಹೋಯಿತು. ಕಟ್ಟೆಯು ಒಮ್ಮೆಲೇ ವಾಲಿ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ತಲೆಕೆಳಗಾಯಿತು. ಅಲ್ಲಿದ್ದ ೨೧೨ ಮಂದಿಯಲ್ಲಿ ೧೨೩ ಮಂದಿ ಪ್ರಾಣ ಕಳೆದುಕೊಂಡರು. ಆಕಾರವು ಸ್ಥಿರತೆಯನ್ನು ಕೊಡುವುದು ನಿಜ. ಆದರೆ ಆ ಆಕಾರವನ್ನು ಹಿಡಿದಿಟ್ಟ ಸಣ್ಣ ಬಂಧಗಳು ಗಟ್ಟಿಯಾಗಿರುವ ತನಕ ಮಾತ್ರ.

೯. ನಮ್ಮ ಹತ್ತಿರದ ಮಾತು

ನಮ್ಮ ದೇಶದ ಕಡಲಿನಲ್ಲಿ ತೇಲುವ ಗಾಳಿಯಂತ್ರ ಸಮೂಹವು ಇನ್ನೂ ಎದ್ದಿಲ್ಲ. ಕಡಲ ಗಾಳಿಯ ವಿಷಯದಲ್ಲಿ ಭಾರತ ಸರಕಾರವು ೨೦೧೫ರಲ್ಲಿ ಒಂದು ನೀತಿಯನ್ನು ಪ್ರಕಟಿಸಿತು. ಮೊದಲಿಗೆ ಗುರುತಿಸಿದ ಕಡಲಪ್ರದೇಶಗಳು ಗುಜರಾತ್ ಮತ್ತು ತಮಿಳುನಾಡಿನವು. ಆದರೂ ಈ ವಿದ್ಯೆಯು ನಮ್ಮಿಂದ ದೂರವಾದುದಲ್ಲ. ೧೯೬೦ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಪ್ರಾರಂಭವಾಗಿ, ಈಗ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯಾಗಿರುವ ಸುರತ್ಕಲ್ಲಿನ ಸಂಸ್ಥೆಯಲ್ಲಿ ಕಡಲಿನ ಎಂಜಿನಿಯರಿಂಗನ್ನೂ ಕಲಿಸುವ ಒಂದು ವಿಭಾಗ ಉಂಟು. ಅಲ್ಲಿ ೫೦ ಮೀಟರು ಉದ್ದದ ಅಲೆಗಾಲುವೆಯಲ್ಲಿ ಯಂತ್ರದಿಂದ ಅಲೆ ಎಬ್ಬಿಸಿ, ಸಣ್ಣ ಸಣ್ಣ ಮಾದರಿಗಳನ್ನು ಪರೀಕ್ಷಿಸುವರು. ತೇಲುವ ಗಾಳಿಯಂತ್ರಗಳ ಒಡಲುಗಳು ಅಲೆಗೂ ಗಾಳಿಗೂ ಹೇಗೆ ವರ್ತಿಸುವುವೆಂಬುದನ್ನು ಗಣಕಯಂತ್ರದ ಲೆಕ್ಕಗಳಿಂದ ಅಲ್ಲಿಯ ಸಂಶೋಧಕರು ಅಭ್ಯಾಸ ಮಾಡಿ ಲೇಖನಗಳನ್ನು ಪ್ರಕಟಿಸಿರುವರು. ಪುತ್ತೂರು, ಸುಳ್ಯ, ಕಡಬಗಳ ಹುಡುಗಿಯರು ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಸ್ಥಳವದು.

ಅಲ್ಲಿಗೆ ಹೋಗುವ ಮೊದಲು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ಒಂದು ಬೋಗುಣಿಯಲ್ಲಿ ನೀರು ತುಂಬಿ ಬರಿಯ ಲೋಟವನ್ನು ತೇಲಿಸಿರಿ. ಅದು ಅಡ್ಡ ಬೀಳುವುದು. ತಳಕ್ಕೆ ನಾಲ್ಕು ಚಮಚ ಮರಳು ಹಾಕಿರಿ, ನೆಟ್ಟಗೆ ನಿಲ್ಲುವುದು. ಅದು ಒನಕೆಯ ಒಡಲು. ಮರಳನ್ನು ತೆಗೆದು, ಅಂಥವೇ ಮೂರು ಲೋಟಗಳನ್ನು ತೆಂಗಿನ ಗರಿಯ ಕಡ್ಡಿಗಳಿಂದ ತ್ರಿಕೋಣವಾಗಿ ಕಟ್ಟಿರಿ, ಮರಳಿಲ್ಲದೆಯೂ ನಿಲ್ಲುವುವು. ಅದು ಕಂಬಗಳ ಒಡಲು. ಈಗ ಒಂದು ಕಡ್ಡಿಯನ್ನು ಕತ್ತರಿಸಿರಿ. ಮುಂದೆ ನಡೆಯುವುದನ್ನು ನೋಡಿದ ಮಗುವು ಈ ಲೇಖನವನ್ನು ಓದದೆಯೂ ಪಾಠವನ್ನು ಕಲಿಯುವುದು.

ಕೊನೆಯದಾಗಿ ತಾಯಂದಿರಲ್ಲಿ ಒಂದು ಮಾತು. ರಜೆಯಲ್ಲಿ ಮಕ್ಕಳೊಂದಿಗೆ ಹೊಳೆಯಲ್ಲಿಯಾಗಲಿ ಕಡಲಿನಲ್ಲಿಯಾಗಲಿ ದೋಣಿ ಹತ್ತುವಾಗ, ಲೈಫ್ ಜಾಕೆಟ್ಟನ್ನು ಕೇಳಿ ತೊಡಿಸಿರಿ. ದೋಣಿಯಲ್ಲಿ ಜನ ಹೆಚ್ಚಾಗಿದ್ದರೆ ಮುಂದಿನ ದೋಣಿಗೆ ಕಾಯಿರಿ. ಚಿತ್ರ ತೆಗೆಯುವುದಕ್ಕೆಂದು ಎಲ್ಲರೂ ಎದ್ದು ಒಂದೇ ಬದಿಗೆ ಸರಿಯುವುದನ್ನು ತಡೆಯಿರಿ. ಮಕ್ಕಳು ಯಾಕೆಂದು ಕೇಳಿದರೆ, ತೂಗುದೀಪದ ಕೊಕ್ಕೆಯ ಕಥೆಯನ್ನು ಹೇಳಿರಿ. ಬೂಗೇರನ ಹೆಸರನ್ನು ಅರಿಯದ ನಮ್ಮ ಕಡವಿನ ಅಂಬಿಗನು ಮಳೆಗಾಲದ ತುಂಬು ಹೊಳೆಯಲ್ಲಿ ನಮ್ಮನ್ನು ದಿನದಿನವೂ ದಡ ಮುಟ್ಟಿಸಿದನು. ಅವನ ಗದರಿಕೆಯಲ್ಲಿದ್ದ ಶಾಸ್ತ್ರವನ್ನು ಇಷ್ಟು ವರ್ಷಗಳ ತರುವಾಯ ತಿಳಿದಾಗ, ಅಂದು ಮನಸ್ಸಿನಲ್ಲಿಯೇ ಮುನಿದುಕೊಂಡುದಕ್ಕೆ ನಮಗೆ ಸ್ವಲ್ಪ ನಾಚಿಕೆಯೂ ಆಗುವುದು.